ಬಣ್ಣ ಆಮೇಲೆ ಹೊಡೆಸೋಣ, ಮೊದಲು ನೀರಿನ ದಾರಿ ಹುಡುಕಿ

ಪ್ರಶ್ನೆ: ಬೆಂಗಳೂರಿನಲ್ಲಿ 30×40 ಸೈಟಿನ ಮನೆ ನಮ್ಮದು. ಕೆಳಗೊಂದು, ಮೇಲೊಂದು ಮಹಡಿ. ಕಟ್ಟಿಸಿ 14 ವರ್ಷ ಆಯಿತು. ಮೇಲಿನ ಬೆಡ್‌ರೂಮಿನ ಸೀಲಿಂಗಿನಲ್ಲಿ ಫ್ಯಾನಿನ ಸುತ್ತ ಕಂದು ಕಲೆ ಬಂದಿದೆ, ಮಳೆ ಜೋರಾದರೆ ಹನಿಯುತ್ತದೆ. ಕೆಳಗೆ ಹಾಲ್‌ನ ಒಂದು ಗೋಡೆಯಲ್ಲಿ ಬಣ್ಣ ಉಬ್ಬಿ, ಬಿಳಿ ಪುಡಿ ಉದುರುತ್ತದೆ. ಆ ಗೋಡೆಯ ಆಚೆ ಬದಿಗೆ ಬಾತ್‌ರೂಮ್ ಇದೆ. ಎರಡು ವರ್ಷದಲ್ಲಿ ಎರಡು ಸಲ ಪುಟ್ಟಿ ಹಾಕಿ ಬಣ್ಣ ಹೊಡೆಸಿದೆವು. ಆರು ತಿಂಗಳಿಗೆ ಮತ್ತೆ ಅದೇ ಕಥೆ. ಈಗ ಪೇಂಟಿಂಗ್ ಕಾಂಟ್ರಾಕ್ಟರ್ ಬಂದು ದುಬಾರಿ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದರೆ ಸರಿಹೋಗುತ್ತದೆ ಅನ್ನುತ್ತಿದ್ದಾರೆ. ದೀಪಾವಳಿಗೆ ಮುಂಚೆ ಮುಗಿಸಬೇಕು ಅಂತ ಆಸೆ. ಅಮ್ಮನಿಗೆ ಉಬ್ಬಸ ಇದೆ, ಅವರು ಮಲಗುವುದು ಆ ಮೇಲಿನ ರೂಮಿನಲ್ಲೇ. ಏನು ಮಾಡಲಿ?

ಉತ್ತರ: ದಯವಿಟ್ಟು ಈಗ ಬಣ್ಣ ಹೊಡೆಸಬೇಡಿ. ದೀಪಾವಳಿ ಹೋಗಲಿ, ಸಂಕ್ರಾಂತಿಯವರೆಗೂ ಬೇಡ. ಇಪ್ಪತ್ತಾರು ವರ್ಷದಿಂದ ಸೋರುವ ಮನೆಗಳನ್ನೇ ನೋಡುತ್ತಾ ಬಂದಿದ್ದೇನೆ. ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ನೀರಿನಿಂದ ಅಲ್ಲ, ಒದ್ದೆ ಗೋಡೆಯ ಮೇಲೆ ಬಣ್ಣ ಹೊಡೆಸುವುದರಿಂದ.

ನಿಮ್ಮ ಪತ್ರ ಓದಿದರೆ ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇರುವ ಹಾಗೆ ಕಾಣುತ್ತದೆ. ಮೇಲಿನದು ಮಳೆ ನೀರು. ಕೆಳಗಿನದು ಬಹುಶಃ ಮನೆಯೊಳಗಿನ ನೀರು. ಎರಡಕ್ಕೂ ಒಂದೇ ಡಬ್ಬಿಯ ಪೇಂಟ್ ಮದ್ದಾಗಲ್ಲ.

ಆ ಬಿಳಿ ಪುಡಿ ಏನು ಅಂತ ಮೊದಲು ಹೇಳುತ್ತೇನೆ, ಅದು ಗೊತ್ತಾದರೆ ಅರ್ಧ ವಿಷಯ ತಿಳಿದ ಹಾಗೆ. ಇಟ್ಟಿಗೆ, ಮರಳು, ಸಿಮೆಂಟ್ ಎಲ್ಲದರಲ್ಲೂ ಸ್ವಲ್ಪ ಉಪ್ಪಿನ ಅಂಶ ಇರುತ್ತದೆ. ಗೋಡೆಯೊಳಗೆ ನೀರು ಹರಿದರೆ ಅದನ್ನು ಕರಗಿಸಿಕೊಂಡು ಹೊರಮೈಗೆ ಬರುತ್ತದೆ. ನೀರು ಗಾಳಿಗೆ ಆರಿಹೋಗುತ್ತದೆ, ಉಪ್ಪು ಅಲ್ಲೇ ಉಳಿದು ಹರಳುಗಟ್ಟುತ್ತದೆ. ಆ ಹರಳು ಬೆಳೆಯುವಾಗ ಮೇಲಿನ ಬಣ್ಣ, ಪುಟ್ಟಿ, ಕೊನೆಗೆ ಗಾರೆಯನ್ನೂ ತಳ್ಳಿ ಎಬ್ಬಿಸುತ್ತದೆ. ಹಾಗಾಗಿ ನೀವು ನೋಡುತ್ತಿರುವುದು ಬಣ್ಣದ ದೋಷ ಅಲ್ಲ. ಹಿಂದಿನಿಂದ ನೀರು ಇನ್ನೂ ಬರುತ್ತಿದೆ ಅಂತ ಗೋಡೆ ಹೇಳುತ್ತಿದೆ, ಅಷ್ಟೇ. ಹಾಲ್ ಕಡೆಯಿಂದ ಗಟ್ಟಿ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ನೀರಿಗೆ ಆರುವ ದಾರಿ ಮುಚ್ಚುತ್ತದೆ. ಅದು ಪಕ್ಕಕ್ಕೆ, ಮೇಲಕ್ಕೆ ಸರಿದು ಬೇರೆ ಕಡೆ ಕಾಣಿಸಿಕೊಳ್ಳುತ್ತದೆ. ಹೋದ ವರ್ಷ ಸ್ಕರ್ಟಿಂಗ್ ಹತ್ತಿರ ಇದ್ದ ಕಲೆ ಈ ವರ್ಷ ಸ್ವಿಚ್‌ಬೋರ್ಡ್ ಹತ್ತಿರ ಬಂತು ಅಂತ ಜನ ಹೇಳುವುದು ಇದಕ್ಕೇ.

ಸ್ವಿಚ್‌ಬೋರ್ಡ್ ಅಂದೆನಲ್ಲ, ಅದನ್ನು ಇವತ್ತೇ ನೋಡಿಕೊಳ್ಳಬೇಕು. ಮೇಲಿನ ರೂಮಿನ ಆ ಫ್ಯಾನ್ ಹಾಕಬೇಡಿ. ಆ ರೂಮಿನ ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಕರೆಸಿ ಫ್ಯಾನಿನ ಬಾಕ್ಸ್ ಬಿಚ್ಚಿಸಿ ನೋಡಿ. ಸ್ಲ್ಯಾಬಿನೊಳಗೆ ವೈರ್ ಹೋಗಲು ಪೈಪ್ ಹಾಕಿರುತ್ತಾರೆ. ಸ್ಲ್ಯಾಬಿಗೆ ಇಳಿದ ನೀರಿಗೆ ಆ ಪೈಪೇ ಸಲೀಸು ದಾರಿ. ಎಲ್ಲೋ ಹತ್ತಡಿ ಆಚೆ ಒಳಗೆ ಹೋದ ನೀರು ಫ್ಯಾನಿನ ಹುಕ್ ಹತ್ತಿರ ಹನಿಯುವುದನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ನಿಮ್ಮ ಕಲೆ ಫ್ಯಾನಿನ ಸುತ್ತಲೇ ಇರುವುದರಿಂದ ನನಗೆ ಮೊದಲು ಬಂದ ಅನುಮಾನವೂ ಅದೇ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತಲೂ ಕೇಳಿ. ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ, ಟಪ್ ಅಂತ ಬೀಳಬೇಕು. ಇಲ್ಲದಿದ್ದರೆ ಹಾಕಿಸಿ. ಒದ್ದೆ ಮನೆಯಲ್ಲಿ ಜೀವ ಉಳಿಸುವ ಸಾಮಾನು ಅದು.

ಇನ್ನೊಂದು, ಪೊರಕೆ ಹಿಡಿಯಿಂದ ಆ ಸೀಲಿಂಗನ್ನು ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಶಬ್ದ ಬಂದರೆ ಸದ್ಯಕ್ಕೆ ಭಯ ಇಲ್ಲ. ಟೊಳ್ಳು ಶಬ್ದ ಬಂದರೆ ಗಾರೆ ಸ್ಲ್ಯಾಬಿನಿಂದ ಬಿಟ್ಟಿದೆ ಅಂತ ಅರ್ಥ, ಯಾವಾಗ ಬೇಕಾದರೂ ಕೆಳಗೆ ಬೀಳಬಹುದು. ತಟ್ಟುವಾಗ ನೇರ ಕೆಳಗೆ ನಿಲ್ಲಬೇಡಿ.

ಹೇಗೇ ಇರಲಿ, ಅಮ್ಮನನ್ನು ಇವತ್ತು ರಾತ್ರಿಯಿಂದಲೇ ಬೇರೆ ರೂಮಿಗೆ ಕಳಿಸಿ. ಒದ್ದೆಯಾದ ಗೋಡೆ, ಹಾಸಿಗೆ, ಮರದ ಮೇಲೆ ಬೂಷ್ಟು ಹಿಡಿಯೋಕೆ ಒಂದೆರಡು ದಿನ ಸಾಕು. ಉಬ್ಬಸ ಇರುವವರಿಗೆ ಅದು ಒಳ್ಳೆಯದಲ್ಲ. ಬೀರು, ವಾರ್ಡ್‌ರೋಬನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದು ಹಿಂದೆ ಟಾರ್ಚ್ ಬಿಟ್ಟು ನೋಡಿ. ಮುಂದೆ ಏನೂ ಕಾಣದ ಮನೆಗಳಲ್ಲಿ ಹಿಂದಿನ ಪ್ಲೈವುಡ್ ನೆನೆದ ಅವಲಕ್ಕಿಯ ಹಾಗೆ ಬೆರಳಿಗೆ ಬಂದಿದ್ದಿದೆ. ಬೂಷ್ಟು ಇದ್ದರೆ ಒಣ ಪೊರಕೆಯಲ್ಲಿ ಗುಡಿಸಬೇಡಿ, ಪುಡಿಯೆಲ್ಲ ಗಾಳಿಗೆ ಏಳುತ್ತದೆ. ಮಾಸ್ಕ್ ಹಾಕಿಕೊಂಡು, ಕಿಟಕಿ ತೆಗೆದು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಕೆಲವರು ಬ್ಲೀಚಿಂಗ್ ಪೌಡರ್ ಹಾಕಿ, ಅದರ ಮೇಲೆ ಬಾತ್‌ರೂಮ್ ತೊಳೆಯುವ ಆಸಿಡ್ ಕೂಡ ಸುರಿಯುತ್ತಾರೆ. ಹಾಗೆ ಖಂಡಿತ ಮಾಡಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ರೂಮಿನಲ್ಲಿ ಅದು ಪ್ರಾಣಕ್ಕೇ ಕುತ್ತು.

ಈಗ ನೀರಿನ ದಾರಿ ಹುಡುಕುವ ಕೆಲಸ. ಇದಕ್ಕೆ ದುಬಾರಿ ಮೆಷಿನ್ ಬೇಡ. ಒಂದು ಪೆನ್ಸಿಲ್ ಸಾಕು. ಮೇಲಿನ ಕಲೆಯ ಅಂಚಿಗೆ, ಕೆಳಗಿನ ಉಬ್ಬಿನ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಮಳೆ ಬಂದ ಮಾರನೆಯ ದಿನ ನೋಡಿ, ಮಳೆ ಇಲ್ಲದೆ ನಾಲ್ಕು ದಿನ ಬಿಟ್ಟು ನೋಡಿ. ಮಳೆ ಬಂದಾಗ ಮಾತ್ರ ಬೆಳೆಯುವ ಕಲೆ ತಾರಸಿಯದು ಅಥವಾ ಹೊರಗೋಡೆಯದು. ಮಳೆ ಇರಲಿ ಬಿಡಲಿ ಹಾಗೇ ತೇವ ಇರುವುದು ಪೈಪಿನದು, ಬಾತ್‌ರೂಮಿನದು. ಊರಿಗೆ ಹೋಗಿ ವಾರ ಬಿಟ್ಟು ಬಂದಾಗ ಒಣಗಿ, ನೀವು ಬಂದ ಮೇಲೆ ಮತ್ತೆ ಒದ್ದೆಯಾದರೆ ಸ್ನಾನದ ನೀರಿನದೇ ಕೈವಾಡ.

ಮೊದಲು ತಾರಸಿಗೆ ಹೋಗೋಣ. ಮಳೆ ನಿಂತು ಒಂದು ಗಂಟೆ ಆದ ಮೇಲೆ ಹತ್ತಿ ನೋಡಿ. ನೀರು ಎಲ್ಲಿ ನಿಂತಿದೆ? ಒಣಗಿದ್ದರೂ ಮಣ್ಣಿನ ಕಪ್ಪು ಬಳೆಯ ಹಾಗೆ ಗುರುತು ಉಳಿದಿರುತ್ತದೆ, ಅದೇ ಸಾಕ್ಷಿ. ತಾರಸಿಗೆ ಹತ್ತಡಿಗೆ ಸುಮಾರು ಒಂದೂಕಾಲು ಇಂಚಿನಷ್ಟಾದರೂ ವಾಟ, ಅಂದರೆ ಇಳಿಜಾರು, ಬೇಕು. ಮೇಸ್ತ್ರಿಗಳು ಅವಸರದಲ್ಲಿ ಮುಗಿಸಿದ ಕಡೆ ಅದು ಇರಲ್ಲ. ನೀರು ಹೋಗುವ ಪೈಪಿನ ಬಾಯಿಗೆ ಎಲೆ, ಪ್ಲಾಸ್ಟಿಕ್ ಕಟ್ಟಿಕೊಂಡಿದೆಯಾ? ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ ಉದ್ದಕ್ಕೂ ಸಣ್ಣ ಬಿರುಕು ಇದೆಯಾ? ಟ್ಯಾಂಕಿನ ಕೆಳಗೆ ಯಾವಾಗಲೂ ಒದ್ದೆ ಇರುತ್ತದಾ?

ಬೆಂಗಳೂರಿನ ಮನೆಗಳಲ್ಲಿ ನಾನು ತಪ್ಪದೆ ನೋಡುವ ಇನ್ನೊಂದು ಜಾಗ ಸೋಲಾರ್ ಹೀಟರಿನ ಕಾಲುಗಳು. ಮನೆ ಕಟ್ಟುವಾಗ ವಾಟರ್‌ಪ್ರೂಫಿಂಗ್ ಚೆನ್ನಾಗೇ ಮಾಡಿರುತ್ತಾರೆ. ಆಮೇಲೆ ಸೋಲಾರ್‌ನವರು ಬಂದು ಅದರಲ್ಲೇ ಡ್ರಿಲ್ ಹೊಡೆದು ಬೋಲ್ಟ್ ಹಾಕಿ ಹೋಗುತ್ತಾರೆ. ಡಿಶ್ ಆಂಟೆನಾ, ಬಟ್ಟೆ ಒಣಗಿಸುವ ಕಂಬ, ಎಲ್ಲದಕ್ಕೂ ಒಂದೊಂದು ತೂತು. ಮೈಸೂರಿನ ಒಂದು ಮನೆಯಲ್ಲಿ ಎರಡು ಸಲ ಇಡೀ ತಾರಸಿಗೆ ಕೋಟಿಂಗ್ ಮಾಡಿಸಿದ್ದರು. ಸೋರುವುದು ನಿಂತಿರಲಿಲ್ಲ. ನಾನು ಹೋದಾಗ ಮನೆಯ ಅಜ್ಜಿ ನನ್ನ ಜೊತೆ ತಾರಸಿಗೆ ಬಂದರು. ಬಂಡೆಯಂಥ ಒಣ ಬಿಸಿಲು. ಹೀಟರಿನ ಒಂದೊಂದು ಕಾಲಿನ ಸುತ್ತಲೂ ಜೇಡಿಮಣ್ಣಿನಲ್ಲಿ ನಾಲ್ಕು ಬೆರಳೆತ್ತರದ ಕಟ್ಟೆ ಕಟ್ಟಿ, ಒಂದು ದಿನಕ್ಕೆ ಒಂದು ಕಟ್ಟೆಗೆ ಮಾತ್ರ ನೀರು ತುಂಬಿಸಿದೆವು. ಮೊದಲ ಎರಡು ದಿನ ಏನೂ ಇಲ್ಲ. ಮೂರನೇ ದಿನ ಮಧ್ಯಾಹ್ನ ಅಜ್ಜಿಯೇ ಕೆಳಗಿನಿಂದ ಕೂಗಿದರು, "ಬಂತು ನೋಡಿ, ಫ್ಯಾನಿನ ಬಟ್ಟಲಿಂದ ಹನೀತಾ ಇದೆ." ಕಾಲು ಇದ್ದದ್ದು ಫ್ಯಾನಿನಿಂದ ಏಳಡಿ ದೂರದಲ್ಲಿ. ಆ ಒಂದು ಬೋಲ್ಟಿನ ತೂತು ಮುಚ್ಚಿ, ಸುತ್ತ ಎರಡಡಿ ಜಾಗ ಸರಿಮಾಡಿದ ಮೇಲೆ ಅಲ್ಲಿ ಒಂದು ಹನಿಯೂ ಬಿದ್ದಿಲ್ಲ. ನಿಮ್ಮ ತಾರಸಿಯಲ್ಲೂ ಮಳೆ ಬಿಟ್ಟ ಮೇಲೆ ಹೀಗೇ ಮಣ್ಣಿನ ಕಟ್ಟೆ ಕಟ್ಟಿ ಒಂದೊಂದೇ ಜಾಗ ಪರೀಕ್ಷೆ ಮಾಡಿ. ತಾಳ್ಮೆ ಬೇಕು, ದುಡ್ಡು ಬೇಡ.

ಕೆಳಗಿನ ಗೋಡೆಗೆ ಬಾತ್‌ರೂಮ್ ಪರೀಕ್ಷೆ. ನೀರು ಹೋಗುವ ಜಾಲರಿ ಇರುತ್ತದಲ್ಲ, ಪ್ಲಂಬರ್‌ಗಳು ನಹನಿ ಟ್ರ್ಯಾಪ್ ಅನ್ನುತ್ತಾರೆ, ಅದಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಟ್ಟೆ ಬಿಗಿಯಾಗಿ ತುರುಕಿ. ಬಾಗಿಲಲ್ಲಿ ಹೊಸ್ತಿಲು ಇಲ್ಲದಿದ್ದರೆ ಮಣ್ಣಿನ ಕಟ್ಟೆ ಕಟ್ಟಿ. ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿ, ಟೈಲ್ಸ್ ಮೇಲೆ ಗೆರೆ ಎಳೆದು, 24 ಗಂಟೆ ಯಾರೂ ಉಪಯೋಗಿಸಬೇಡಿ. ಸ್ವಲ್ಪ ನೀರು ಗಾಳಿಗೆ ಆರುವುದು ಸಹಜ. ಅದಕ್ಕಿಂತ ಜಾಸ್ತಿ ಇಳಿದು, ಹಾಲ್ ಕಡೆಯ ಪೆನ್ಸಿಲ್ ಗೆರೆ ದಾಟಿ ತೇವ ಬಂದರೆ ತಪ್ಪು ನೆಲದಲ್ಲಿದೆ. ನೀರು ಇಳಿಯದೆ ಇದ್ದರೆ ಬಟ್ಟೆ ತೆಗೆದು ಒಂದೇ ಸಲ ಎಲ್ಲಾ ನೀರು ಬಿಡಿ. ಆಗ ತೇವ ಬಂದರೆ ಟ್ರ್ಯಾಪಿನ ಜಾಯಿಂಟ್ ಅಥವಾ ಕೆಳಗಿನ ಪೈಪು. ಎರಡೂ ಅಲ್ಲ ಅಂದರೆ ಗೋಡೆಯೊಳಗಿನ ನೀರಿನ ಪೈಪಿನ ಮೇಲೆ ಅನುಮಾನ ಪಡಬೇಕು.

ಗೋಡೆಯೊಳಗಿನ ಪೈಪಿಗೆ ರಾತ್ರಿ ಪರೀಕ್ಷೆ. ಮಲಗುವ ಮುಂಚೆ ಎಲ್ಲಾ ನಲ್ಲಿ ಬಂದ್ ಮಾಡಿ, ಮೋಟಾರ್ ಹಾಕದೆ, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಮಾಡಿ. ಬೆಳಿಗ್ಗೆ ಯಾರೂ ಏಳುವ ಮುಂಚೆ ಮತ್ತೆ ನೋಡಿ. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೂ ಎಂಟು ಹತ್ತು ಲೀಟರ್ ಎಲ್ಲೋ ಹೋಯಿತು ಅಂತ ಲೆಕ್ಕ. ಫ್ಲಶ್ ಟ್ಯಾಂಕ್ ಒಳಗೊಳಗೇ ಸೋರುತ್ತಿದ್ದರೂ ಹೀಗಾಗುತ್ತದೆ, ಅದರ ವಾಲ್ವ್ ಮುಚ್ಚಿಟ್ಟು ಇನ್ನೊಂದು ರಾತ್ರಿ ನೋಡಿ. ಸೆಕೆಂಡಿಗೆ ಒಂದು ಹನಿ ಅಂದರೆ ಕೇಳೋಕೆ ಏನೂ ಅಲ್ಲ ಅನಿಸುತ್ತದೆ. ದಿನಕ್ಕೆ ಕಡಿಮೆ ಅಂದರೂ ನಾಲ್ಕು ಲೀಟರ್ ಅದು, ವರ್ಷಗಟ್ಟಲೆ ನಿಮ್ಮ ಇಟ್ಟಿಗೆ ಕುಡಿಯುತ್ತಿರುತ್ತದೆ. ನನ್ನ ಸ್ವಂತ ಅಕ್ಕನ ಮನೆಯಲ್ಲಿ ಹೀಗಾಗಿತ್ತು. ದೇವರ ಫೋಟೋಗೆ ಹೊಡೆದ ಮೊಳೆ ಗೋಡೆಯೊಳಗಿನ ಪೈಪಿಗೆ ತಾಗಿತ್ತು. ಮೊಳೆಯೇ ಬಿರಡೆಯ ಹಾಗೆ ತೂತನ್ನು ಮುಚ್ಚಿಕೊಂಡು ಕೂತಿತ್ತು. ಅದು ತುಕ್ಕು ಹಿಡಿದು ಸಣ್ಣಗಾದ ಮೇಲೆ, ಹೊಡೆದ ಮೂರು ವರ್ಷಕ್ಕೆ, ಗೋಡೆ ಉಬ್ಬಲು ಶುರುವಾಯಿತು. ಮೊಳೆಯನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ನಿಮ್ಮ ಗೋಡೆಯ ಎರಡೂ ಬದಿಯಲ್ಲಿ ಹೊಸ ಮೊಳೆ, ಹೊಸ ಟವೆಲ್ ಸ್ಟ್ಯಾಂಡ್, ಗೀಸರ್ ಏನಾದರೂ ಬಂದಿದೆಯಾ ಅಂತ ಯೋಚಿಸಿ.

ಗೋಡೆಯ ತೇವ ನೆಲದಿಂದ ಶುರುವಾಗಿ ಮೂರಡಿಯೊಳಗೆ, ಉದ್ದಕ್ಕೂ ಒಂದೇ ಪಟ್ಟಿಯ ಹಾಗೆ ಇದ್ದರೆ ಅದು ಬೇರೆ ಕಥೆ. ಪಾಯದಿಂದ ನೀರು ಮೇಲಕ್ಕೆ ಏರುತ್ತಿರುತ್ತದೆ. ಆ ಗೋಡೆಯ ಆಚೆ ಬದಿ ಬಾತ್‌ರೂಮ್ ಆದ್ದರಿಂದ ನಿಮ್ಮಲ್ಲಿ ಹಾಗಿರಲಾರದು, ಆದರೆ ಹತ್ತಿರದಲ್ಲಿ ಸಂಪ್ ಇದ್ದರೆ ಅದನ್ನೂ ಒಮ್ಮೆ ನೋಡಿಬಿಡಿ.

ನಾನು ಹುಟ್ಟಿದ್ದು ಮಲೆನಾಡಿನ ಸಾಗರದ ಕಡೆ. ಅಲ್ಲಿನ ಹಳೆ ಮನೆಗಳ ಸೂರು ಗೋಡೆಯಿಂದ ಮೂರು ನಾಲ್ಕಡಿ ಮುಂದೆ ಚಾಚಿರುತ್ತದೆ. ಮಳೆಗಾಲಕ್ಕೆ ಮುಂಚೆ ಗಾಳಿ ಬಡಿಯುವ ಗೋಡೆಗೆ ಅಡಿಕೆ ಸೋಗೆಯ ಮರೆ ಕಟ್ಟುತ್ತಿದ್ದರು. ನೀರು ಗೋಡೆಗೆ ತಾಗಲೇಬಾರದು ಅನ್ನುವುದು ಅವರ ಲೆಕ್ಕ. ಬೆಂಗಳೂರಿನ ಮನೆಗಳಿಗೆ ಸರಿಯಾದ ಸಜ್ಜಾ ಕೂಡ ಇರಲ್ಲ, ಮಳೆ ನೇರ ಗೋಡೆಗೇ ಬಡಿಯುತ್ತದೆ. ಹಾಗಾಗಿ ಹೊರಗೋಡೆಯ ಬಿರುಕು, ಕಿಟಕಿ ಚೌಕಟ್ಟಿನ ಸಂದು ಕೂಡ ನೋಡಿ. ಆ ವಾಟರ್‌ಪ್ರೂಫ್ ಪೇಂಟಿಗೆ ಸರಿಯಾದ ಜಾಗ ಮನೆಯ ಹೊರಮೈ, ಒಳಮೈ ಅಲ್ಲ.

ದಾರಿ ಸಿಕ್ಕ ಮೇಲೆ ರಿಪೇರಿ. ತಾರಸಿ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಸರಿಯಾದ ಕಾಲ. ಬೆಂಗಳೂರಿಗೆ ಜಾಸ್ತಿ ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಒದ್ದೆ ಸ್ಲ್ಯಾಬಿನ ಮೇಲೆ ಕೋಟಿಂಗ್ ಹಾಕಿದರೆ ಬಿಸಿಲಿಗೆ ಒಳಗಿನ ತೇವ ಆವಿಯಾಗಿ ಗುಳ್ಳೆ ಏಳುತ್ತದೆ. ಅಲ್ಲಿಯವರೆಗೆ ನೀರು ಹೋಗುವ ಬಾಯಿ ಚೊಕ್ಕ ಮಾಡಿ, ಅನುಮಾನದ ಜಾಗಕ್ಕೆ ದಪ್ಪ ಟಾರ್ಪಾಲ್ ಹಾಸಿ, ಅಂಚಿಗೆ ಇಟ್ಟಿಗೆ ಹೇರಿ. ಅಷ್ಟು ಸಾಕು.

ಆಮೇಲೆ ಬಿರುಕನ್ನು ಮೇಲಿಂದ ಮೇಲೆ ಬಳಿಯದೆ ವಿ ಆಕಾರದಲ್ಲಿ ಕೆತ್ತಿ ಪಾಲಿಮರ್ ಬೆರೆಸಿದ ಗಾರೆ ತುಂಬಿಸಬೇಕು. ಪ್ಯಾರಾಪೆಟ್ ಮೂಲೆಯನ್ನು ದುಂಡಗೆ ಮಾಡಿಸಿ, ಕೋಟಿಂಗನ್ನು ಗೋಡೆಯ ಮೇಲೂ ಒಂದಡಿ ಹತ್ತಿಸಬೇಕು. ಮೂಲೆ ಹಾಗೇ ಬಿಟ್ಟರೆ ಉಳಿದದ್ದೆಲ್ಲ ದಂಡ. ಕೆಲಸ ಮುಗಿದ ಮೇಲೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗೆ ತೇವ ಬರಲಿಲ್ಲ ಅಂತ ಖಾತ್ರಿಯಾದ ಮೇಲೆಯೇ ಕೊನೆಯ ಕಂತಿನ ದುಡ್ಡು ಕೊಡಿ. ಇದನ್ನು ಶುರುವಿಗೇ ಬರೆಸಿಕೊಳ್ಳಿ. ಹತ್ತು ವರ್ಷದ ಗ್ಯಾರಂಟಿ ಅಂತ ಬಾಯಲ್ಲಿ ಹೇಳುವ ಮಾತಿಗಿಂತ ಈ ಎರಡು ದಿನದ ನೀರು ಮೇಲು.

ಕೆಲವು ಮೇಸ್ತ್ರಿಗಳು "ಹಳೇದರ ಮೇಲೇ ಎರಡಿಂಚು ಗಾರೆ ಹಾಕಿಬಿಡೋಣ" ಅನ್ನುತ್ತಾರೆ. ಒಂದು ಚದರಡಿಗೆ ಒಂದಿಂಚು ಗಾರೆ ಅಂದರೆ ಹತ್ತಿರಹತ್ತಿರ ಐದು ಕೆಜಿ. 800 ಚದರಡಿಗೆ ಎರಡಿಂಚು ಹಾಕಿದರೆ ಎಂಟು ಟನ್ ಭಾರ, ಅದೂ ನೀರು ಕುಡಿದು ತುಕ್ಕು ಹಿಡಿಯುತ್ತಿರಬಹುದಾದ ಸ್ಲ್ಯಾಬಿನ ಮೇಲೆ. ಒಪ್ಪಬೇಡಿ.

ತುಕ್ಕಿನ ಮಾತು ಬಂತಲ್ಲ. ನಿಮ್ಮ ಕಲೆಯ ಕಂದು ಬಣ್ಣ ಸುಮ್ನೆ ತಾರಸಿಯ ಮಣ್ಣಿನದೂ ಆಗಿರಬಹುದು, ಕಂಬಿಯದೂ ಆಗಿರಬಹುದು. ಕಬ್ಬಿಣ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ. ಊದಿಕೊಂಡು ಕೆಳಗಿನ ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ಸೀಲಿಂಗಿನಲ್ಲಿ ನೇರ ಗೆರೆಯ ಹಾಗೆ ಬಿರುಕು ಕಂಡರೆ, ತಟ್ಟಿದಾಗ ಟೊಳ್ಳು ಶಬ್ದ ಬಂದರೆ, ಕಂಬಿ ಕಂಡರೆ, ಪೇಂಟರನ್ನು ಅಲ್ಲ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಆ ಕೆಲಸವನ್ನು ಮುಂದೂಡಬೇಡಿ, ಮಳೆ ಬಿಡುವವರೆಗೆ ಕಾಯಲೂ ಬೇಡಿ.

ಬಾತ್‌ರೂಮಿನಲ್ಲಿ ತಪ್ಪು ಬರೀ ಟೈಲ್ಸ್ ಸಂದಿನದಾದರೆ ಹಳೆ ಬಿಳಿ ಸಿಮೆಂಟ್ ಕೆರೆದು ತೆಗೆಸಿ ಎಪಾಕ್ಸಿ ತುಂಬಿಸಿ, ಒಂದೆರಡು ದಿನದ ಕೆಲಸ. ಟ್ರ್ಯಾಪಿನ ಜಾಯಿಂಟ್ ಆದರೆ ಸುತ್ತ ಒಂದಡಿ ಒಡೆಸಿದರೆ ಆಯಿತು. ನೆಲದ ಕೆಳಗಿನ ವಾಟರ್‌ಪ್ರೂಫಿಂಗೇ ಹೋಗಿದ್ದರೆ ಟೈಲ್ಸ್ ತೆಗೆಯದೆ ಬೇರೆ ದಾರಿ ಇಲ್ಲ. ಟೈಲ್ಸ್ ಮೇಲೆ ಪಾರದರ್ಶಕ ಕೋಟಿಂಗ್ ಬಳಿದರೆ ಸಾಕು ಅಂತ ಬರುವವರಿದ್ದಾರೆ. ಸ್ವಲ್ಪ ಕಾಲ ತಡೆಯುತ್ತದೆ, ದಿನಾ ಉಜ್ಜಿ ತೊಳೆಯುವ ನೆಲದಲ್ಲಿ ಬಾಳಿಕೆ ಬರುವುದನ್ನು ನಾನು ಕಂಡಿಲ್ಲ.

ನೀರು ನಿಂತ ಮೇಲೆ ಹಾಲ್ ಗೋಡೆ ಒಣಗಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಉಬ್ಬಿದ ಜಾಗಕ್ಕಿಂತ ಒಂದಡಿ ಆಚೆವರೆಗೂ ಪುಟ್ಟಿ, ಸಡಿಲ ಗಾರೆ ಕೆತ್ತಿಸಿ ಇಟ್ಟಿಗೆ ಕಾಣುವ ಹಾಗೆ ಬಿಡಿ. ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಅದು ಮತ್ತೆ ಕರಗಿ ಒಳಗೇ ಹೋಗುತ್ತದೆ. ಕಿಟಕಿ ತೆಗೆದಿಡಿ, ಟೇಬಲ್ ಫ್ಯಾನ್ ಇಡಿ. ಚೆನ್ನಾಗಿ ನೆನೆದ ಒಂಬತ್ತಿಂಚಿನ ಗೋಡೆ ಒಣಗಲು ತಿಂಗಳುಗಳೇ ಬೇಕು. ನೋಡೋಕೆ ಚೆನ್ನಾಗಿರಲ್ಲ, ನೆಂಟರು ಬಂದಾಗ ಮುಜುಗರ ಆಗಬಹುದು. ಒಂದು ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿ. ಹಾಳೆಯ ಗೋಡೆ ಕಡೆಯ ಬದಿಯಲ್ಲಿ ಬೆವರಿದ ಹಾಗೆ ಹನಿ ಇದ್ದರೆ ಇನ್ನೂ ಕಾಯಬೇಕು. ಒಣಗಿದ ಮೇಲೆ ಗಾರೆ ಹಾಕಿಸಿ. ಆ ಗೋಡೆಗೆ ಪಿಒಪಿ ಬೇಡ, ತೇವ ಕಂಡರೆ ಅದು ಬೇಗ ಹಾಳಾಗುತ್ತದೆ. ಮೊದಲ ವರ್ಷ ಬರೀ ಸುಣ್ಣ ಬಳಿಸಿದರೆ ಇನ್ನೂ ಒಳ್ಳೆಯದು, ಉಳಿದ ತೇವ ಅದರ ಮೂಲಕ ಆರಿಹೋಗುತ್ತದೆ.

ಮನೆಗೆ ಇನ್ಶೂರೆನ್ಸ್ ಇದೆಯಾ ಅಂತ ನೀವು ಬರೆದಿಲ್ಲ. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆ, ಬಿರುಗಾಳಿ, ಟ್ಯಾಂಕ್ ಅಥವಾ ಪೈಪ್ ಒಡೆದು ಹರಿದದ್ದು ಸೇರುತ್ತದೆ. ವರ್ಷಗಟ್ಟಲೆ ನಿಧಾನಕ್ಕೆ ಜಿನುಗಿದ್ದಕ್ಕೆ ಪರಿಹಾರ ನಿರೀಕ್ಷಿಸಬೇಡಿ. ಪೈಪ್ ಒಡೆದದ್ದೇ ಆಗಿದ್ದರೆ ಒರೆಸುವ ಮುಂಚೆ ಫೋಟೋ ತೆಗೆದು, ಒಡೆದ ತುಂಡನ್ನು ಎಸೆಯದೆ ಇಟ್ಟುಕೊಳ್ಳಿ.

ದೀಪಾವಳಿಗೆ ಆ ಹಾಲ್ ಗೋಡೆ ಬರೀ ಇಟ್ಟಿಗೆಯಾಗಿ ಇದ್ದರೆ ಇರಲಿ, ಮುಂದೆ ಎರಡಡಿ ಬಿಟ್ಟು ಒಂದು ಪರದೆ ಕಟ್ಟಿ. ಈ ಶನಿವಾರ ಎಲ್ಲರೂ ಸ್ನಾನ ಮುಗಿಸಿದ ಮೇಲೆ ಟ್ರ್ಯಾಪಿಗೆ ಬಟ್ಟೆ ತುರುಕಿ ನೀರು ನಿಲ್ಲಿಸಿ. ಭಾನುವಾರ ಮಧ್ಯಾಹ್ನ ಗೆರೆ ಎಲ್ಲಿದೆ, ಹಾಲ್ ಕಡೆಯ ತೇವ ಎಲ್ಲಿಗೆ ಬಂತು ಅಂತ ನೋಡಿ, ಎರಡೂ ಗುರುತಿನ ಫೋಟೋ ನನಗೆ ಕಳಿಸಿ. ಯಾವ ಪೈಪು, ಎಲ್ಲಿ ಒಡೆಸಬೇಕು ಅಂತ ಆಗ ನೋಡಿ ಹೇಳುತ್ತೇನೆ.